ಕಾಲಿಗೆ ಬೀಳುವುದು: ಮಾಡುವವರ ಹಕ್ಕೋ, ಮಾಡಿಸಿಕೊಳ್ಳುವವರ ಹಕ್ಕೋ?

2025ರ ಸೆಪ್ಟೆಂಬರ್‌ನಲ್ಲಿ ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ 31 ಮಕ್ಕಳಿಗೆ ಕೋಲಿನ ಏಟು ಬಿತ್ತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಶಿಕ್ಷಕರ ಕಾಲು ಮುಟ್ಟಿ ತರಗತಿಗೆ ಹೋಗುವುದು ಆ ಶಾಲೆಯ ರೂಢಿ. ಅಂದು ತಡವಾಗಿ ಬಂದ ಶಿಕ್ಷಕಿಯ ಕಾಲನ್ನು ಮಕ್ಕಳು ಮುಟ್ಟಿರಲಿಲ್ಲ ಎಂಬುದೇ ಏಟಿಗೆ ಕಾರಣ ಎಂದು ವರದಿಯಾಯಿತು. ಶಿಕ್ಷಕಿ ಅಮಾನತಾದರು. ಅದಕ್ಕೆ ಎರಡು ತಿಂಗಳು ಮುಂಚೆ, ಜುಲೈ 10ರ ಗುರುಪೂರ್ಣಿಮೆಯ ಹೊತ್ತಿಗೆ, ಕಾಸರಗೋಡು ಸೇರಿದಂತೆ ಕೇರಳದ ಕೆಲವೆಡೆ ಖಾಸಗಿ ಶಾಲೆಗಳಲ್ಲಿ ಮಕ್ಕಳಿಂದ ಶಿಕ್ಷಕರ ಪಾದಪೂಜೆ ಮಾಡಿಸಿದ್ದು ದೊಡ್ಡ ಗದ್ದಲವಾಗಿತ್ತು. ರಾಜ್ಯದ ಮಕ್ಕಳ ಹಕ್ಕುಗಳ ಆಯೋಗ ತಾನಾಗಿಯೇ ಪ್ರಕರಣ ದಾಖಲಿಸಿತು, ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ ವಿವರಣೆ ಕೇಳಿದರು, ರಾಜ್ಯಪಾಲ ರಾಜೇಂದ್ರ ಅರ್ಲೇಕರ್ ಗುರುಪೂಜೆ ನಮ್ಮ ಸಂಸ್ಕೃತಿ ಎಂದು ಸಮರ್ಥಿಸಿದರು.

ಇಂಥ ಪ್ರಕರಣ ಬಂದಾಗಲೆಲ್ಲ ಚರ್ಚೆ ಎರಡು ಸಾಲಾಗಿ ನಿಂತುಬಿಡುತ್ತದೆ. ಕಾಲಿಗೆ ಬೀಳುವುದೇ ಗುಲಾಮಗಿರಿ ಎನ್ನುವವರು ಒಂದು ಕಡೆ, ಅದನ್ನು ಪ್ರಶ್ನಿಸುವುದೇ ಧರ್ಮದ್ರೋಹ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಆಚರಣೆಯ ಒಳಗೆ ಏನಿದೆ ಎಂದು ನೋಡುವುದಿಲ್ಲ. ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಅಜ್ಜಿಯ ಕಾಲು ಮುಟ್ಟುವ ಮೊಮ್ಮಗಳಿಗೂ, ಏಟಿನ ಭಯಕ್ಕೆ ಸಾಲಾಗಿ ಬಗ್ಗುವ ಮಗುವಿಗೂ ದೇಹದ ಭಂಗಿ ಒಂದೇ. ವ್ಯತ್ಯಾಸ ಇರುವುದು ನಿರ್ಧಾರ ಯಾರದ್ದು ಎಂಬುದರಲ್ಲಿ. ನಮಸ್ಕಾರ ಎಂಬುದು ಮಾಡುವವರು ಕೊಡುವಂಥದ್ದು. ಪಡೆಯುವವರು ಅದಕ್ಕೆ ಪ್ರತಿಯಾಗಿ ಏನಾದರೂ ಕೊಡಬೇಕಾದ ಋಣದಲ್ಲಿರುತ್ತಾರೆ. ಪಡೆಯುವವರೇ ಅದನ್ನು ಹಕ್ಕಾಗಿ ವಸೂಲು ಮಾಡತೊಡಗಿದರೆ ಆಚರಣೆ ಅಲ್ಲಿಗೇ ಕೆಡುತ್ತದೆ. ಹಳೆಯ ಶಾಸ್ತ್ರಗಳನ್ನೇ ತೆರೆದು ನೋಡಿದರೂ ಈ ಮಾತಿಗೆ ಆಧಾರ ಸಿಗುತ್ತದೆ. ಅದರ ಪಕ್ಕದಲ್ಲೇ, ನಾವು ಒಪ್ಪಲಾಗದ ಸಂಗತಿಗಳೂ ಸಿಗುತ್ತವೆ.

ಶಾಸ್ತ್ರದಲ್ಲಿ ಇರುವುದೇನು?

ಧರ್ಮಶಾಸ್ತ್ರಗಳು ಹಿರಿಯರಿಗೆ ಮಾಡುವ ವಂದನೆಯನ್ನು ಬೇರೆ ಬೇರೆ ಬಗೆಯಾಗಿ ಹೇಳುತ್ತವೆ. ತನ್ನ ಹೆಸರು ಹೇಳಿಕೊಂಡು ಮಾಡುವುದು ಅಭಿವಾದನ. ಬ್ರಾಹ್ಮಣರ ಉಪನಯನದಲ್ಲಿ ವಟುವಿಗೆ ಕಲಿಸುವ, ಪ್ರವರ, ಗೋತ್ರ, ಸೂತ್ರ, ಶಾಖೆ ಹೇಳಿ 'ಅಭಿವಾದಯೇ' ಎನ್ನುವ ಕ್ರಮ ಇದೇ. ಕಾಲನ್ನು ಕೈಯಿಂದ ಹಿಡಿದು ಮಾಡುವುದು ಉಪಸಂಗ್ರಹಣ. ಇದರ ವಿಧಾನವನ್ನು ಮನುಸ್ಮೃತಿಯ ಎರಡನೇ ಅಧ್ಯಾಯದ 72ನೇ ಶ್ಲೋಕ ಹೇಳುತ್ತದೆ: ಕೈಗಳನ್ನು ಅಡ್ಡಹಾಯಿಸಿ, ಎಡಗೈಯಿಂದ ಗುರುವಿನ ಎಡಪಾದವನ್ನೂ ಬಲಗೈಯಿಂದ ಬಲಪಾದವನ್ನೂ ಮುಟ್ಟಬೇಕು. ಎದುರುಬದುರು ನಿಂತಾಗ ನಮ್ಮ ಬಲಗೈಗೆ ನೇರವಾಗಿ ಸಿಗುವುದು ಅವರ ಎಡಗಾಲು. ಬಲಕ್ಕೆ ಬಲ ಸೇರಬೇಕಾದರೆ ಕೈ ಕತ್ತರಿಯಾಗಲೇಬೇಕು. ಇಂದು ಬಹುತೇಕರು ಒಂದೇ ಕೈಯಲ್ಲಿ ಮೊಣಕಾಲಿನ ಹತ್ತಿರ ಗಾಳಿ ಮುಟ್ಟಿ ಎದ್ದುಬಿಡುತ್ತಾರೆ.

ಮಾಡುವವರಿಗೆ ಇರುವ ನಿಯಮಗಳನ್ನು ಆಪಸ್ತಂಬ ಧರ್ಮಸೂತ್ರ ಹೇಳುತ್ತದೆ: ಪಾದರಕ್ಷೆ ಹಾಕಿಕೊಂಡು, ತಲೆಗೆ ಸುತ್ತಿಕೊಂಡು, ಕೈಯಲ್ಲಿ ಏನಾದರೂ ಹಿಡಿದುಕೊಂಡು ವಂದಿಸಬಾರದು. ಈಗ ಕೈಯಲ್ಲಿರುವುದು ಮೊಬೈಲ್ ಅಷ್ಟೇ.

ಪಡೆಯುವವರಿಗೂ ನಿಯಮ ಇತ್ತು ಎಂಬುದನ್ನು ನಾವು ಮರೆತಿದ್ದೇವೆ. ವಂದನೆಗೆ ಪ್ರತಿವಂದನೆ ಹೇಳಲು ಬಾರದ ಬ್ರಾಹ್ಮಣನಿಗೆ ತಿಳಿದವನು ನಮಸ್ಕರಿಸಕೂಡದು ಎನ್ನುತ್ತದೆ ಮನುಸ್ಮೃತಿ (2.126). ಸುಮ್ಮನೆ ಕಾಲು ಚಾಚಿ ಕೂರುವುದು ಹಿರಿತನವಲ್ಲ. ಎದುರಿನವರ ಹೆಸರು ಹಿಡಿದು ಹರಸಬೇಕು. ಇದೇ ಅಧ್ಯಾಯದಲ್ಲಿ ಇನ್ನೊಂದು ನಿಯಮವೂ ಇದೆ. ಇಪ್ಪತ್ತು ತುಂಬಿದ ಶಿಷ್ಯ ಯುವತಿಯಾದ ಗುರುಪತ್ನಿಯ ಕಾಲು ಮುಟ್ಟಿ ನಮಸ್ಕರಿಸಬಾರದು (2.212), ಬೇಕಾದರೆ ತನ್ನ ಹೆಸರು ಹೇಳಿ ಮುಟ್ಟದೆ ನೆಲಕ್ಕೆ ನಮಸ್ಕರಿಸಬಹುದು (2.216). ಆ ನಿಯಮದ ಹಿಂದಿನ ಲೆಕ್ಕಾಚಾರ ಹೆಣ್ಣಿನ ಬಗ್ಗೆ ಇಟ್ಟುಕೊಂಡ ಅನುಮಾನ ಎಂಬುದು ಈ ಎರಡರ ನಡುವಿನ ಶ್ಲೋಕಗಳಲ್ಲಿ ಸ್ಪಷ್ಟವಾಗಿದೆ, ಅದನ್ನು ಮರೆಮಾಚಬೇಕಿಲ್ಲ. ಆದರೂ ಮುಟ್ಟದೆ ಗೌರವ ಸಲ್ಲಿಸುವ ದಾರಿ ಸಂಪ್ರದಾಯದ ಒಳಗೇ ಇತ್ತು ಎಂಬುದಕ್ಕೆ ಇದು ಸಾಕ್ಷಿ. ಮುಟ್ಟದಿದ್ದರೆ ನಮಸ್ಕಾರವೇ ಅಲ್ಲ ಎಂದು ವಾದಿಸುವವರು ಇದನ್ನು ಗಮನಿಸಬೇಕು.

ಇನ್ನು ಒಪ್ಪಲಾಗದ ಭಾಗ. ಮೇಲೆ ಹೇಳಿದ 126ನೇ ಶ್ಲೋಕವೇ, ಪ್ರತಿವಂದನೆ ತಿಳಿಯದವನು 'ಶೂದ್ರನಂತೆಯೇ' ಎಂದು ಮುಗಿಯುತ್ತದೆ. ಆಪಸ್ತಂಬ ಸೂತ್ರದ ಪ್ರಕಾರ ವಂದಿಸುವಾಗ ಬ್ರಾಹ್ಮಣ ತೋಳನ್ನು ಕಿವಿಯ ಮಟ್ಟಕ್ಕೆ, ಕ್ಷತ್ರಿಯ ಎದೆಯ ಮಟ್ಟಕ್ಕೆ, ವೈಶ್ಯ ಸೊಂಟದ ಮಟ್ಟಕ್ಕೆ ಚಾಚಬೇಕು, ಶೂದ್ರ ಕೆಳಗೆ ಬಾಗಿ ಕೈ ಮುಗಿಯಬೇಕು. ಪಾಣಿನಿಯ ವ್ಯಾಕರಣದಲ್ಲೂ ಒಂದು ಸೂತ್ರವಿದೆ (8.2.83): ಹರಸುವಾಗ ವಾಕ್ಯದ ಕೊನೆಯ ಸ್ವರವನ್ನು ಎಳೆದು ಹೇಳಬೇಕು, ಶೂದ್ರನನ್ನು ಬಿಟ್ಟು. ಆಶೀರ್ವಾದದ ದನಿ ಎಷ್ಟು ಉದ್ದವಿರಬೇಕು ಎಂಬುದನ್ನೂ ಜಾತಿ ತೀರ್ಮಾನಿಸುತ್ತಿತ್ತು. 'ಇದು ಬರಿಯ ಗೌರವ, ಇದರಲ್ಲಿ ಮೇಲು ಕೀಳು ಎಲ್ಲಿದೆ' ಎಂದು ಕೇಳುವವರಿಗೆ ಉತ್ತರ ಈ ಗ್ರಂಥಗಳಲ್ಲೇ ಇದೆ. ಹೀಗಾಗಿ ಆಚರಣೆಯನ್ನು ಉಳಿಸಿಕೊಳ್ಳುವವರು ಅದರೊಳಗಿನ ಕೊಡುಕೊಳ್ಳುವಿಕೆಯನ್ನು ಇಟ್ಟುಕೊಂಡು ದರ್ಜೆಯನ್ನು ತೆಗೆಯಬೇಕು. ಕನ್ನಡ ನಾಡಿನಲ್ಲಿ ಆ ಕೆಲಸ ಒಮ್ಮೆ ನಡೆದಿದೆ.

ಶರಣು ಎಂದರೆ ಶರಣು ಶರಣಾರ್ಥಿ

ಹನ್ನೆರಡನೇ ಶತಮಾನದ ಶರಣರು ಕಾಲಿಗೆರಗುವುದನ್ನು ಕೈಬಿಡಲಿಲ್ಲ. ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ ಎಂಬ ಅಷ್ಟಾವರಣದಲ್ಲಿ, ಪಾದ ತೊಳೆದ ನೀರಾದ ಪಾದೋದಕಕ್ಕೇ ಒಂದು ಜಾಗವಿದೆ. ಅವರು ಬದಲಿಸಿದ್ದು ಯಾರು ಯಾರಿಗೆ ಎಂಬುದನ್ನು. ತನಗಿಂತ ಕಿರಿಯರಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ ಎಂದು ಮಂತ್ರಿಯಾದ ಬಸವಣ್ಣನೇ ಹೇಳಿಕೊಂಡ ಮೇಲೆ ಹುಟ್ಟಿನ ದರ್ಜೆಗೆ ಅಲ್ಲಿ ಜಾಗ ಉಳಿಯಲಿಲ್ಲ.

ಹರಳಯ್ಯನ ಐತಿಹ್ಯ ಕನ್ನಡಿಗರಿಗೆ ಗೊತ್ತಿರುವುದೇ. ಚಮ್ಮಾರ ಹರಳಯ್ಯ ದಾರಿಯಲ್ಲಿ 'ಶರಣು' ಎಂದಾಗ ಬಸವಣ್ಣ 'ಶರಣು ಶರಣಾರ್ಥಿ' ಎಂದು ಹೆಚ್ಚಿಸಿ ಹೇಳಿದರಂತೆ. ಹೆಚ್ಚಾಗಿ ಬಂದ ಆ ಒಂದು ಶರಣಿನ ಋಣ ತೀರಿಸಲು ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದರು. ಬಸವಣ್ಣ ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರು ಎಂದು ಕತೆ ಹೇಳುತ್ತದೆ. ಇಲ್ಲಿ ನಮಸ್ಕಾರ ಪಡೆದವನಿಗೆ ಒಂದು ಕ್ಷಣವೂ ನೆಮ್ಮದಿಯಿಲ್ಲ, ಅದನ್ನು ಹಿಂದಿರುಗಿಸುವವರೆಗೂ. ಕಾಲಿಗೆ ಬಿದ್ದವರ ಕಡೆ ತಲೆ ಎತ್ತಿಯೂ ನೋಡದೆ ಫೋನಿನಲ್ಲಿ ಮಾತು ಮುಂದುವರಿಸುವ ಇಂದಿನ ಗಣ್ಯರ ಪಕ್ಕದಲ್ಲಿಟ್ಟು ಈ ಕತೆಯನ್ನು ಓದಬೇಕು.

ಮಠಗಳಲ್ಲಿ ಇಂದಿಗೂ ಪದ್ಧತಿ ಒಂದೇ ಇಲ್ಲ. ವೀರಶೈವ ಲಿಂಗಾಯತ ಮಠಗಳಲ್ಲಿ ಸ್ವಾಮೀಜಿಯ ಪಾದ ಮುಟ್ಟಿ ನಮಸ್ಕರಿಸುವುದು ಸಾಮಾನ್ಯ. 2019ರಲ್ಲಿ ಲಿಂಗೈಕ್ಯರಾದ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ ಪಾದವನ್ನು ಎಲ್ಲ ಜಾತಿಯವರೂ ಮುಟ್ಟುತ್ತಿದ್ದರು. ಮಡಿಯ ಕಟ್ಟುಪಾಡು ಇರುವ ಮಠಗಳಲ್ಲಿ ಯತಿಗಳನ್ನು ಮುಟ್ಟುವಂತಿಲ್ಲ. ಅಂತರದಲ್ಲಿ ನಿಂತು ನೆಲಕ್ಕೆ ನಮಸ್ಕರಿಸಬೇಕು, ಪೂಜೆ ಸಲ್ಲುವುದು ಪಾದುಕೆಗೆ. ಮೊದಲ ಬಾರಿ ಹೋಗುವವರು ಅಲ್ಲಿಯ ಪರಿಚಾರಕರನ್ನು ಕೇಳಿಕೊಳ್ಳುವುದು ಒಳ್ಳೆಯದು. ದೇವಸ್ಥಾನದ ಗರ್ಭಗುಡಿಯ ಎದುರು ಮನುಷ್ಯರ ಕಾಲಿಗೆ ಬೀಳುವುದಿಲ್ಲ ಎಂಬುದು ಬಹುಪಾಲು ಎಲ್ಲ ಕಡೆ ಪಾಲಿಸುವ ನಿಯಮ. ಹೊರಗೆ ಪ್ರಾಕಾರದಲ್ಲಿ ಹಿರಿಯರು ಸಿಕ್ಕರೂ ಮನೆಗೆ ಬಂದ ಮೇಲೆ ನಮಸ್ಕರಿಸುವವರೇ ಹೆಚ್ಚು.

ಸರಿಯಾಗಿ ಮಾಡುವುದು ಹೇಗೆ?

ಮನೆಗಳಲ್ಲಿ ಬಳಕೆಯಲ್ಲಿರುವುದು ಮೂರು ಬಗೆ. ನಿಂತು ಬಗ್ಗಿ ಕಾಲು ಮುಟ್ಟುವುದು ದಿನಬಳಕೆಯದು. ಮಂಡಿಯೂರಿ, ಎರಡು ಅಂಗೈ ಮತ್ತು ಹಣೆಯನ್ನು ನೆಲಕ್ಕೆ ತಾಗಿಸುವುದು ಪಂಚಾಂಗ ನಮಸ್ಕಾರ. ಹೆಂಗಸರು ಸಾಮಾನ್ಯವಾಗಿ ಮಾಡುವುದು ಇದನ್ನು. ಗಂಡಸರು ಉದ್ದಕ್ಕೆ ಮಲಗಿ ಮಾಡುವುದು ಸಾಷ್ಟಾಂಗ. ಎದೆ, ತಲೆ, ದೃಷ್ಟಿ, ಮನಸ್ಸು, ಮಾತು, ಪಾದ, ಕೈ, ಮಂಡಿ ಇವೇ ಆ ಎಂಟು ಅಂಗಗಳು. ಇವುಗಳಲ್ಲಿ ಮೂರು ನೆಲಕ್ಕೆ ತಾಗುವಂಥವೇ ಅಲ್ಲ. ಮನಸ್ಸು, ಮಾತು, ದೃಷ್ಟಿ ಜೊತೆಗಿಲ್ಲದೆ ಬರಿಯ ಮೈ ಚೆಲ್ಲಿದರೆ ಐದೇ ಅಂಗ ಲೆಕ್ಕಕ್ಕೆ ಸಿಗುತ್ತದೆ. ಏಟಿನ ಹೆದರಿಕೆಯಿಂದ ಮಾಡಿಸಿದ ನಮಸ್ಕಾರ ಶಾಸ್ತ್ರದ ಕಣ್ಣಲ್ಲೂ ಅಪೂರ್ಣ ಎಂದಾಯಿತು.

ನಿಂತು ಬಗ್ಗುವ ಕ್ರಮದಲ್ಲಿ ಮೊದಲ ಕೆಲಸ ಹಿರಿಯರ ಗಮನಕ್ಕೆ ಬರುವುದು. ಚಪ್ಪಲಿ ಬಿಟ್ಟು, ಕೈ ಖಾಲಿ ಮಾಡಿಕೊಂಡು, ಎದುರಿಗೆ ಒಂದು ತೋಳಿನ ಅಂತರದಲ್ಲಿ ನಿಂತು 'ಅಜ್ಜಿ, ನಮಸ್ಕಾರ ಮಾಡ್ತೀನಿ, ಕೂತ್ಕೊಳ್ಳಿ' ಎನ್ನಬೇಕು. ಅವರು ಕುಳಿತು, ಎರಡೂ ಪಾದ ನೆಲಕ್ಕೂರಿದ ಮೇಲೆ ಮಂಡಿ ಸ್ವಲ್ಪ ಮಡಿಸಿ, ಸೊಂಟದಿಂದ ಬಗ್ಗಿ, ಬೆರಳ ತುದಿಯಿಂದ ಪಾದದ ಮುಂಭಾಗವನ್ನು ಹಗುರಾಗಿ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ವಾಡಿಕೆ. ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುವವರೆಗೆ ಒಂದು ಕ್ಷಣ ಬಾಗಿಯೇ ಇರಬೇಕು. ಅವಸರವಾಗಿ ಎದ್ದರೆ ಹರಸಲು ಬಂದ ಕೈ ಗಾಳಿಯಲ್ಲೇ ಉಳಿಯುತ್ತದೆ, ಕೆಲವೊಮ್ಮೆ ತಲೆ ಅವರ ಗಲ್ಲಕ್ಕೆ ಬಡಿಯುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಹಿರಿಯರ ಮೈಗೆ ಸಂಬಂಧಿಸಿ. ಮುನ್ಸೂಚನೆಯಿಲ್ಲದೆ ಯಾರಾದರೂ ಕಾಲ ಬಳಿ ಬಗ್ಗಿದರೆ 'ಬೇಡ ಬೇಡ' ಎಂದು ಒಂದು ಹೆಜ್ಜೆ ಹಿಂದಿಡುವುದು ಎಲ್ಲರ ಸಹಜ ಪ್ರತಿಕ್ರಿಯೆ. ಎಪ್ಪತ್ತೈದು ದಾಟಿದವರಿಗೆ, ಮಂಡಿಚಿಪ್ಪು ಬದಲಿಸಿಕೊಂಡವರಿಗೆ, ಊರುಗೋಲು ಹಿಡಿದವರಿಗೆ ಆ ಒಂದು ಹೆಜ್ಜೆಯೇ ಬೀಳುವುದಕ್ಕೆ ಸಾಕು. ಆ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿಯುವ ಅಪಾಯವಿದೆ. ಬಗ್ಗಿದವರನ್ನು ಎತ್ತಲು ತಾವೂ ಬಗ್ಗುವವರು ಇನ್ನೊಂದು ಬಗೆ. ಸಕ್ಕರೆ ಕಾಯಿಲೆ ಬಹಳ ಕಾಲದಿಂದ ಇರುವ ಹಲವರ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಮದುವೆಮನೆಯ ನೂಕುನುಗ್ಗಲಲ್ಲಿ ಉಂಗುರ, ಬಳೆ, ಉಗುರು ತಾಗಿ ಗೀರಿದರೂ ಅವರಿಗೆ ಗೊತ್ತಾಗುವುದಿಲ್ಲ, ಆ ಗೀರು ವ್ರಣವಾಗಬಹುದು. ಅಂಥವರ ಕಾಲು ಮುಟ್ಟುವ ಬದಲು ಕಾಲ ಮುಂದಿನ ನೆಲ ಮುಟ್ಟಿದರೆ ಸಾಕು. ನಮಸ್ಕಾರ ಸರಣಿ ಮುಗಿದ ಮೇಲೆ ಮನೆಯವರು ಅವರ ಪಾದವನ್ನು ಒಮ್ಮೆ ಬೆಳಕಿನಲ್ಲಿ ನೋಡಬೇಕು.

ಬಗ್ಗುವವರ ಮೈಯನ್ನೂ ನೋಡಬೇಕಲ್ಲವೇ? ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ತಲೆ ತಗ್ಗಿಸಿ ಬಗ್ಗಬಾರದು ಎಂದು ವೈದ್ಯರು ಹೇಳುತ್ತಾರೆ. ದಿನ ತುಂಬಿದ ಬಸುರಿ, ತಲೆಸುತ್ತು ಇರುವವರು, ಸೊಂಟದ ಡಿಸ್ಕ್ ತೊಂದರೆ ಇರುವವರು ಕೈ ಮುಗಿದರೆ ಕೊರತೆ ಏನಿಲ್ಲ. ಸೀಮಂತದಲ್ಲಿ ಏಳು ತಿಂಗಳ ಬಸುರಿಯನ್ನು ಇಪ್ಪತ್ತು ಮಂದಿಯ ಕಾಲಿಗೆ ಬಗ್ಗಿಸಿ ಎಬ್ಬಿಸುವ ಮನೆಗಳು ಇವೆ. ಅವಳನ್ನು ಮಣೆಯ ಮೇಲೆ ಕೂರಿಸಿ, ಹಿರಿಯರೇ ಒಬ್ಬೊಬ್ಬರಾಗಿ ಬಂದು ಅಕ್ಷತೆ ಹಾಕಿದರೆ ಅದೇ ಆಶೀರ್ವಾದ.

ಮಲಗಿರುವವರ ಕಾಲಿಗೆ ಬೀಳಬಾರದು, ಏಕೆಂದರೆ ಮಲಗಿದವರ ಕಾಲಿಗೆ ನಮಸ್ಕರಿಸುವುದು ಸತ್ತವರಿಗೆ ಎಂದು ನಂಬಿಕೆ. ಹಾಸಿಗೆ ಹಿಡಿದಿರುವ ಹಿರಿಯರಿಗೆ ನಮಸ್ಕರಿಸಬೇಕೆಂದರೆ ದಿಂಬು ಕೊಟ್ಟು ಸ್ವಲ್ಪ ಒರಗಿಸಿ ಕೂರಿಸುತ್ತಾರೆ, ಆಗದಿದ್ದರೆ ಅವರ ಕೈ ಹಿಡಿದು ತಮ್ಮ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ಸೂತಕದಲ್ಲಿ ನಮಸ್ಕಾರ ಮಾಡುವುದೂ ಇಲ್ಲ, ಪಡೆಯುವುದೂ ಇಲ್ಲ.

ಬೆರಳ ತುದಿ ಪಾದಕ್ಕೆ ತಾಗಿದಾಗ ಇಬ್ಬರ ನಡುವೆ ವಿದ್ಯುತ್ತಿನಂಥ ಶಕ್ತಿಯ ಮಂಡಲ ಪೂರ್ಣವಾಗುತ್ತದೆ ಎಂಬ ಸಂದೇಶ ವಾಟ್ಸ್‌ಆಪ್‌ನಲ್ಲಿ ಓಡಾಡುತ್ತಿದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಮಕ್ಕಳಿಗೆ ಹಾಗೆ ಹೇಳಿಕೊಟ್ಟರೆ ಹೈಸ್ಕೂಲಿನ ಭೌತಶಾಸ್ತ್ರ ಓದಿದ ದಿನ ಅವರು ಸುಳ್ಳನ್ನೂ ಆಚರಣೆಯನ್ನೂ ಒಟ್ಟಿಗೆ ಬಿಡುತ್ತಾರೆ. ನಮಗಿಂತ ಮುಂಚೆ ಬದುಕಿ, ನಮ್ಮನ್ನು ಸಾಕಿದವರ ಎದುರು ಬಾಗುತ್ತೇವೆ ಎಂಬ ಕಾರಣ ಸಾಲದೇ?

ಯಾರು ಯಾರಿಗೆ

ಹಿರಿಯರಿಗೆ ಕಿರಿಯರು ಎಂಬುದು ಎಲ್ಲ ಕಡೆಯ ನಿಯಮ ಎಂದು ನಾವು ಅಂದುಕೊಂಡಿದ್ದೇವೆ. ಹಾಗೇನಿಲ್ಲ. ಉತ್ತರ ಭಾರತದ ಅನೇಕ ಸಮುದಾಯಗಳಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಂದ ಕಾಲು ಮುಟ್ಟಿಸಿಕೊಳ್ಳುವುದಿಲ್ಲ. ಬುಂದೇಲಖಂಡದ ಕಡೆ ಸೋದರಮಾವನೇ ಸೋದರಳಿಯನ ಕಾಲು ಮುಟ್ಟುತ್ತಾನೆ. ನವರಾತ್ರಿಯ ಕನ್ಯಾಪೂಜೆಯಲ್ಲಿ ಪುಟ್ಟ ಹುಡುಗಿಯರ ಪಾದ ತೊಳೆಯುತ್ತಾರೆ. ಬಂಗಾಳದಲ್ಲಿ ದುರ್ಗೆಯ ವಿಸರ್ಜನೆಯ ನಂತರ ಹಿರಿಯರಿಗೆ ಪ್ರಣಾಮ, ಸಮವಯಸ್ಕರಿಗೆ ಆಲಿಂಗನ. ನಮ್ಮ ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು, 'ಬಂಗಾರದಂಗ ಇರೋಣ' ಎಂದು ಹೇಳಿ ಹಿರಿಯರ ಕಾಲು ಮುಟ್ಟುತ್ತಾರೆ. ಆ ದಿನ ಬನ್ನಿ ಕೊಡುವಾಗ ಹಳೆಯ ಮನಸ್ತಾಪ ಮರೆಯುವುದು ರೂಢಿ. ವರ್ಷವಿಡೀ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಮಧ್ಯಸ್ಥರಿಲ್ಲದೆ ಎದುರಾಗಲು ಅದೊಂದು ಅವಕಾಶ.

ತೊಡಕು ಇರುವುದು ಮದುವೆ ಮತ್ತು ಬೀಗತನದಲ್ಲಿ. ವರಪೂಜೆಯಲ್ಲಿ ಹುಡುಗಿಯ ತಂದೆ ಅಳಿಯನಾಗುವವನ ಕಾಲು ತೊಳೆಯುತ್ತಾರೆ. ವರ ಆ ಹೊತ್ತಿಗೆ ಮಹಾವಿಷ್ಣು ಸ್ವರೂಪ ಎಂಬುದು ಅದಕ್ಕೆ ಕೊಡುವ ಸಮರ್ಥನೆ. ಅರವತ್ತು ವರ್ಷದ ಅಪ್ಪ ಇಪ್ಪತ್ತೆಂಟರ ಹುಡುಗನ ಮುಂದೆ ತಂಬಿಗೆ ಹಿಡಿದು ಕುಳಿತಾಗ ಅಲ್ಲಿ ವಯಸ್ಸಿನ ನಿಯಮ ಮುರಿಯುತ್ತದೆ, ಉಳಿಯುವುದು ಗಂಡಿನ ಕಡೆ ಮೇಲು, ಹೆಣ್ಣಿನ ಕಡೆ ಕೀಳು ಎಂಬ ನಿಯಮ ಮಾತ್ರ. ಇದನ್ನೇ ಮೊದಲು ಬಿಡಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪುರೋಹಿತರಿಗೆ ಮೊದಲೇ ಹೇಳಿದರೆ ಸಂಕಲ್ಪ, ಮಧುಪರ್ಕ (ಜೇನು, ಮೊಸರು ಕೊಟ್ಟು ವರನನ್ನು ಉಪಚರಿಸುವುದು) ಇಟ್ಟುಕೊಂಡು ಕಾಲು ತೊಳೆಯುವುದನ್ನು ಬಿಡಬಹುದು. ಹುಡುಗನೇ 'ಮಾವಾ, ಇದು ಬೇಡ' ಎಂದರೆ ಅಡ್ಡಿ ಮಾಡುವವರು ಕಡಿಮೆ. ಹುಡುಗಿಯ ಕಡೆಯವರು ಹೇಳಿದರೆ ಅದು ಮಾತಿಗೆ ಮಾತು ಬೆಳೆಯಲು ಕಾರಣವಾಗುತ್ತದೆ. ಆದ್ದರಿಂದ ಮಾತು ಹುಡುಗನ ಬಾಯಿಂದಲೇ ಬರಬೇಕು.

ಆಷಾಢದ ಭೀಮನ ಅಮಾವಾಸ್ಯೆಯಂದು ಹೆಂಡತಿ ಗಂಡನ ಪಾದಪೂಜೆ ಮಾಡುತ್ತಾಳೆ. ಗಂಡ ಹೆಂಡತಿಗೆ ಮಾಡುವ ಅಂಥ ದಿನ ನಮ್ಮ ಪಂಚಾಂಗದಲ್ಲಿಲ್ಲ. ಹರಕೆಯ ಮಾತುಗಳಲ್ಲೂ ಇದೇ ಓರೆ ಇದೆ. ಹುಡುಗ ಬಗ್ಗಿದರೆ 'ದೀರ್ಘಾಯುಷ್ಮಾನ್ ಭವ', ಅವನಿಗೇ ಆಯುಸ್ಸು. ಹುಡುಗಿ ಬಗ್ಗಿದರೆ 'ದೀರ್ಘಸುಮಂಗಲೀ ಭವ', ಆಯುಸ್ಸು ಮತ್ತೆ ಗಂಡನಿಗೇ. ಮದುವೆ ಬೇಡವೆಂದಿರುವ, ಗಂಡನನ್ನು ಕಳೆದುಕೊಂಡ, ವಿಚ್ಛೇದನ ಪಡೆದ ಹೆಣ್ಣುಮಗಳಿಗೆ ಆ ಮಾತು ಚುಚ್ಚುತ್ತದೆ. 'ನೂರ್ಕಾಲ ಚೆನ್ನಾಗಿ ಬಾಳು', 'ಅಂದುಕೊಂಡದ್ದು ಕೈಗೂಡಲಿ' ಎಂಬ ಅಚ್ಚಗನ್ನಡದ ಹರಕೆಗಳು ಎಲ್ಲರಿಗೂ ಹೊಂದುತ್ತವೆ. ಗಂಡ ತೀರಿಕೊಂಡ ಅತ್ತೆಯೋ ದೊಡ್ಡಮ್ಮನೋ ಶುಭಕಾರ್ಯದಲ್ಲಿ ಹಿಂದಿನ ಸಾಲಿಗೆ ಸರಿದಿದ್ದರೆ, ವಧೂವರರು ಅಲ್ಲಿಗೇ ಹೋಗಿ ಮೊದಲು ಅವರಿಗೆ ನಮಸ್ಕರಿಸಲಿ. ಮಂಟಪದ ಬಳಿ ಅದನ್ನು ತಡೆಯುವ ಧೈರ್ಯ ಯಾರಿಗೂ ಬರುವುದಿಲ್ಲ.

ನಮಸ್ಕಾರ ಒಂದೇ ಕಡೆ ಹರಿಯಬೇಕಿಲ್ಲ ಎಂಬುದಕ್ಕೆ ನಮ್ಮವರದೇ ಒಂದು ಉದಾಹರಣೆ ಇದೆ. 2019ರ ಮಾರ್ಚ್‌ನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದ ವೇದಿಕೆ ಏರಿದ ಸಾಲುಮರದ ತಿಮ್ಮಕ್ಕ, ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ತಲೆ ಮುಟ್ಟಿ ಹರಸಿದರು. ಶಿಷ್ಟಾಚಾರದ ಪಟ್ಟಿಯಲ್ಲಿ ಅದಿರಲಿಲ್ಲ. ಪ್ರಶಸ್ತಿ ಕೊಡುವ ಕೈ ಕೆಳಗಾಗಿ, ಪಡೆಯುವ ಕೈ ಮೇಲಾದ ಆ ಗಳಿಗೆಯಲ್ಲಿ ಯಾರಿಗೂ ಅವಮಾನವಾಗಲಿಲ್ಲ.

ಶಾಲೆಯಲ್ಲಿ ಕಾನೂನು ಏನು ಹೇಳುತ್ತದೆ?

ಸಂವಿಧಾನದ 28ನೇ ವಿಧಿ ಇಲ್ಲಿ ಮುಖ್ಯ. ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೋ ಪೂಜೆಗೋ ಹಾಜರಾಗಬೇಕಾದರೆ ಒಪ್ಪಿಗೆ ಬೇಕು. ಮಗು ಅಪ್ರಾಪ್ತವಾಗಿದ್ದರೆ ಪೋಷಕರ ಒಪ್ಪಿಗೆ ಬೇಕು. ಗುರುವಿಗೆ ಕೈ ಮುಗಿಯುವುದು ಶಿಷ್ಟಾಚಾರ ಎಂದು ವಾದಿಸಬಹುದು. ತಟ್ಟೆಯಲ್ಲಿ ಪಾದವಿಟ್ಟು, ನೀರೆರೆದು, ಹೂವು ಅರಿಶಿನ ಕುಂಕುಮ ಏರಿಸಿ, ಮಂತ್ರ ಹೇಳಿದರೆ ಅದು ಪೂಜೆಯೇ. ಅದಕ್ಕೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಕೂರಿಸುವ ಶಾಲೆ ಸಂವಿಧಾನದ ಎದುರು ನಿಲ್ಲಲಾರದು.

ಹೊಡೆಯುವುದಂತೂ ಪ್ರಶ್ನೆಯೇ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬಗ್ಗದ ಮಗುವನ್ನು ಸಾಲಿನಿಂದ ಹೊರಗೆ ನಿಲ್ಲಿಸುವುದು, 'ನಿನಗೆ ಸಂಸ್ಕಾರವಿಲ್ಲ' ಎಂದು ಎಲ್ಲರ ಮುಂದೆ ಹಂಗಿಸುವುದು ಕೂಡ ಈ ನಿಷೇಧದೊಳಗೆ ಬರುತ್ತದೆ.

ಬಗ್ಗದೆಯೂ ಗೌರವ ತೋರಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪು ದಾರಿ ತೋರಿಸುತ್ತದೆ. 1986ರ ಬಿಜೋ ಇಮ್ಯಾನುವೆಲ್ ಪ್ರಕರಣ. ಕೇರಳದ ಒಂದೇ ಮನೆಯ ಮೂವರು ಮಕ್ಕಳು ತಮ್ಮ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡಲಿಲ್ಲ. ಆದರೆ ಹಾಡುವಾಗ ಎದ್ದು ನಿಲ್ಲುತ್ತಿದ್ದರು. ಶಾಲೆ ಅವರನ್ನು ಹೊರಹಾಕಿತು. ಗೌರವದಿಂದ ಎದ್ದು ನಿಂತದ್ದೇ ಸಾಕು, ಹಾಡಲೇಬೇಕೆಂದು ಒತ್ತಾಯಿಸಿ ಹೊರಹಾಕಿದ್ದು ತಪ್ಪು ಎಂದು ಕೋರ್ಟ್ ಹೇಳಿತು. ಅಲ್ಲಾಹನ ಹೊರತು ಯಾರಿಗೂ ಸಾಷ್ಟಾಂಗ ಮಾಡಬಾರದೆಂಬ ನಂಬಿಕೆಯ ಮುಸ್ಲಿಂ ಮಗು, ಮನುಷ್ಯರನ್ನು ಪೂಜಿಸಬಾರದೆಂದು ಮನೆಯಲ್ಲಿ ಕಲಿತ ಕ್ರೈಸ್ತ ಮಗು, ಅಜ್ಜ ಮುತ್ತಜ್ಜಂದಿರು ಊರ ಗೌಡರ ಕಾಲಿಗೆ ಬೀಳಲೇಬೇಕಾಗಿದ್ದ ನೆನಪು ಹೊತ್ತ ದಲಿತ ಮಗು ಇವರೆಲ್ಲ ಒಂದೇ ತರಗತಿಯಲ್ಲಿ ಕೂರುತ್ತಾರೆ. ಮೂವರಿಗೂ ಎದ್ದು ನಿಂತು 'ನಮಸ್ತೆ ಟೀಚರ್' ಎನ್ನುವುದು ಕಷ್ಟವಲ್ಲ.

ಶಾಲೆಗಳು ಮಾಡಬಹುದಾದದ್ದು ಸರಳವಾಗಿದೆ. ದಿನನಿತ್ಯದ ಸಾಲು ನಮಸ್ಕಾರ ನಿಲ್ಲಿಸಲಿ. ಗುರುವಂದನೆಯಲ್ಲಿ ಕಾಲು ಮುಟ್ಟುವುದು ಬೀಳ್ಕೊಡುಗೆಯ ದಿನ ವಿದ್ಯಾರ್ಥಿಗಳೇ ಬಯಸಿ ಮಾಡುವಂತಿರಲಿ. ಹೆಸರು ಕೂಗಿ ವೇದಿಕೆಗೆ ಕರೆಯುವುದು ಬೇಡ, ಕ್ಯಾಮೆರಾ ಬೇಡ. ಫೆಬ್ರುವರಿಯಲ್ಲಿ ಕೆಲವು ಶಾಲೆಗಳು ನಡೆಸುವ ತಂದೆತಾಯಿಯರ ಪಾದಪೂಜೆಯಲ್ಲಿ ಇನ್ನೊಂದು ನೋವಿದೆ. ಅಪ್ಪ ಇಲ್ಲದ, ಅಮ್ಮ ಬಿಟ್ಟುಹೋದ, ಹಾಸ್ಟೆಲಿನಲ್ಲಿ ಬೆಳೆಯುವ ಮಗು ಅಂದು ಎಲ್ಲಿ ನಿಲ್ಲಬೇಕು? ಕೂಲಿ ಬಿಟ್ಟು ಬರಲಾಗದ ಪೋಷಕರ ಮಕ್ಕಳ ಮುಂದೆ ಖಾಲಿ ಕುರ್ಚಿ ಇಟ್ಟು ಮಂತ್ರ ಹೇಳಿಸುವ ಕಾರ್ಯಕ್ರಮವನ್ನು ಯಾವ ಹೆಸರಲ್ಲೂ ಸಮರ್ಥಿಸಲಾಗದು.

ರಾಜಕಾರಣದ ಅಂಗಳದಲ್ಲಿ

1949ರ ನವೆಂಬರ್ 25ರಂದು ಸಂವಿಧಾನ ಸಭೆಯ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ಡಾ. ಅಂಬೇಡ್ಕರ್, ಎಷ್ಟೇ ದೊಡ್ಡ ಮನುಷ್ಯನಾದರೂ ಅವನ ಪಾದದಡಿ ನಮ್ಮ ಸ್ವಾತಂತ್ರ್ಯವನ್ನು ಇಡಬಾರದು ಎಂಬ ಜಾನ್ ಸ್ಟುವರ್ಟ್ ಮಿಲ್‌ನ ಎಚ್ಚರಿಕೆಯನ್ನು ನೆನಪಿಸಿದರು. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂಬುದು ಅವರ ಮಾತಿನ ಸಾರ.

ಆಮೇಲೆ ಆದದ್ದು ಎದುರಿಗಿದೆ. ಜಯಲಲಿತಾ ಕಾಲದ ತಮಿಳುನಾಡಿನಲ್ಲಿ ಸಚಿವರೇ ಉದ್ದಕ್ಕೆ ಬೀಳುತ್ತಿದ್ದರು. 2014ರ ಜೂನ್‌ನಲ್ಲಿ ನರೇಂದ್ರ ಮೋದಿ ತಮ್ಮ ಪಕ್ಷದ ಸಂಸದರಿಗೆ ತಮ್ಮ ಕಾಲಿಗೂ ಬೇರೆ ನಾಯಕರ ಕಾಲಿಗೂ ಬೀಳಬೇಡಿ ಎಂದು ಹೇಳಿದರು. ಹತ್ತು ವರ್ಷದ ನಂತರ, 2024ರ ಜೂನ್‌ನ ಎನ್‌ಡಿಎ ಸಭೆಯಲ್ಲಿ ನಿತೀಶ್ ಕುಮಾರ್ ಮೋದಿಯವರ ಕಾಲು ಮುಟ್ಟಲು ಬಾಗಿದ್ದನ್ನು ದೇಶವೇ ನೋಡಿತು. ಅದೇ ವರ್ಷ ಜುಲೈ 1ರಂದು, ಸ್ಪೀಕರ್ ಓಂ ಬಿರ್ಲಾ ಪ್ರಧಾನಿಯ ಕೈ ಕುಲುಕುವಾಗ ಬಾಗಿದರು ಎಂದು ರಾಹುಲ್ ಗಾಂಧಿ ಲೋಕಸಭೆಯಲ್ಲಿ ಆಕ್ಷೇಪಿಸಿದರು. ಹಿರಿಯರಿಗೆ ಬಾಗುವುದು, ಬೇಕಾದರೆ ಕಾಲು ಮುಟ್ಟುವುದು ತಾನು ಕಲಿತ ಸಂಸ್ಕಾರ ಎಂದು ಬಿರ್ಲಾ ಉತ್ತರಿಸಿದರು.

ಮನೆಯಂಗಳದಲ್ಲಿ ಬಿರ್ಲಾ ಅವರ ಉತ್ತರ ಒಪ್ಪುವಂಥದ್ದು. ಸ್ಪೀಕರ್ ಪೀಠದಲ್ಲಿ ಕೂರುವವರು ಆ ಹೊತ್ತಿಗೆ ವ್ಯಕ್ತಿಯಲ್ಲ, ಸದನ. ಅಲ್ಲಿ ಪ್ರಧಾನಿಗೂ ವಿರೋಧ ಪಕ್ಷದ ನಾಯಕರಿಗೂ ಬಾಗುವಿಕೆಯ ಅಳತೆ ಒಂದೇ ಇರಬೇಕು. ಇದೇ ಅಳತೆಗೋಲು ಜಿಲ್ಲಾಧಿಕಾರಿ ಕಚೇರಿಗೂ ಪೊಲೀಸ್ ಠಾಣೆಗೂ ಅನ್ವಯ. ಪಿಂಚಣಿಗಾಗಿ ಅಲೆದು ಸೋತ ಮುದುಕಿ ಮಗನ ವಯಸ್ಸಿನ ಅಧಿಕಾರಿಯ ಕಾಲು ಹಿಡಿಯುವುದು ಗೌರವವಲ್ಲ, ಆಡಳಿತದ ಸೋಲು. ಅಂಥ ಚಿತ್ರ ಹೊರಬಂದಾಗ ಅಧಿಕಾರಿ ಅವಳನ್ನು ಎತ್ತಿ ನಿಲ್ಲಿಸಿದರೇ ಇಲ್ಲವೇ ಎಂದು ಚರ್ಚಿಸುತ್ತೇವೆ. ಅವಳ ಅರ್ಜಿ ಎಷ್ಟು ದಿನದಿಂದ ಯಾರ ಮೇಜಿನಲ್ಲಿತ್ತು ಎಂಬುದನ್ನು ಕೇಳುವುದಿಲ್ಲ.

ಮೇಲಿನವರು ಕೆಳಗಿನವರ ಕಾಲು ತೊಳೆಯುವ ದೃಶ್ಯಗಳ ಬಗ್ಗೆಯೂ ಒಂದು ಮಾತು. 2019ರ ಫೆಬ್ರುವರಿಯಲ್ಲಿ ಪ್ರಯಾಗರಾಜದ ಕುಂಭಮೇಳದಲ್ಲಿ ಪ್ರಧಾನಿ ಪೌರಕಾರ್ಮಿಕರ ಪಾದ ತೊಳೆದರು. 2023ರ ಜುಲೈನಲ್ಲಿ, ಮೂತ್ರ ವಿಸರ್ಜನೆಯ ಅವಮಾನಕ್ಕೆ ಗುರಿಯಾದ ಆದಿವಾಸಿ ವ್ಯಕ್ತಿಯ ಪಾದವನ್ನು ಮಧ್ಯಪ್ರದೇಶದ ಮುಖ್ಯಮಂತ್ರಿ ಶಿವರಾಜ್ ಸಿಂಗ್ ಚೌಹಾಣ್ ತೊಳೆದರು. ಆ ಬಾಗುವಿಕೆಗೆ ಅರ್ಥ ಬರುವುದು ನಂತರದ ಕೆಲಸದಿಂದ: ಮಲಗುಂಡಿಗೆ ಮನುಷ್ಯರನ್ನು ಇಳಿಸುವುದು ನಿಂತಿತೇ, ಪೌರಕಾರ್ಮಿಕರ ಸಂಬಳ ತಿಂಗಳ ಮೊದಲ ವಾರ ಕೈಸೇರಿತೇ? 2025ರ ಅಕ್ಟೋಬರ್‌ನಲ್ಲಿ ಅದೇ ಮಧ್ಯಪ್ರದೇಶದ ದಮೋಹ್ ಜಿಲ್ಲೆಯ ಹಳ್ಳಿಯಲ್ಲಿ, ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ಒಂದು ಚಿತ್ರವನ್ನು ಹಂಚಿಕೊಂಡ ಹಿಂದುಳಿದ ವರ್ಗದ ಯುವಕನಿಂದ ಬ್ರಾಹ್ಮಣ ವ್ಯಕ್ತಿಯ ಕಾಲು ತೊಳೆಸಿ, ಆ ನೀರು ಕುಡಿಸಲಾಯಿತು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಶರಣರು ಸಮಾನತೆಗಾಗಿ ಬಳಸಿದ ಪಾದೋದಕ ಇಲ್ಲಿ ಶಿಕ್ಷೆಯಾಗಿತ್ತು.

ಮನೆಯ ಮಕ್ಕಳು

ಮೈ ನಿನ್ನದು, ನಿನಗೆ ಇಷ್ಟವಿಲ್ಲದೆ ಯಾರೂ ಮುಟ್ಟಬಾರದು ಎಂದು ಈಗ ಅಂಗನವಾಡಿಯಲ್ಲೇ ಕಲಿಸುತ್ತೇವೆ. ಅದೇ ಸಂಜೆ ನೆಂಟರು ಬಂದಾಗ ಮಗುವಿನ ಕುತ್ತಿಗೆ ಹಿಡಿದು ಕೆಳಕ್ಕೆ ಒತ್ತುತ್ತೇವೆ. ಎರಡೂ ಪಾಠ ಒಟ್ಟಿಗೆ ನಿಲ್ಲುವುದಿಲ್ಲ. ಮಗು ಹಿಂಜರಿದರೆ ಕೈ ಮುಗಿಯಲು ಹೇಳಿ ಅಲ್ಲಿಗೆ ಬಿಡಬೇಕು. ಒಬ್ಬ ನಿರ್ದಿಷ್ಟ ವ್ಯಕ್ತಿಯ ಹತ್ತಿರ ಹೋಗಲು ಮಾತ್ರ ಅದು ಒಲ್ಲೆನೆಂದರೆ ಗದರದೆ, ಆಮೇಲೆ ಒಬ್ಬಂಟಿಯಾಗಿ ಕೂರಿಸಿಕೊಂಡು ಕಾರಣ ಕೇಳಬೇಕು. ಹರಸುವ ನೆಪದಲ್ಲಿ ಬೆನ್ನು, ಸೊಂಟ ಸವರುವ ಕೈಗಳು ಇವೆ. ತಲೆಯ ಮೇಲೆ ಕೈ ಇಡುವುದರ ಆಚೆಗೆ ಹೋದದ್ದು ಆಶೀರ್ವಾದವಲ್ಲ ಎಂದು ಹುಡುಗಿಯರಿಗೂ ಹುಡುಗರಿಗೂ ಹೇಳಿಕೊಡಬೇಕು.

ಹೊರದೇಶದಲ್ಲಿ ಬೆಳೆದ ಮಕ್ಕಳಿಗೆ ವಿಮಾನ ನಿಲ್ದಾಣದಲ್ಲಿ, ಅಜ್ಜ ತಾತಂದಿರು ಟ್ರಾಲಿ ತಳ್ಳಿಕೊಂಡು ಹೊರಬಂದ ಕೂಡಲೇ 'ಕಾಲಿಗೆ ಬೀಳು' ಎಂದು ಒತ್ತಾಯಿಸುವುದು ಬಹಳ ಕಡೆ ನಡೆಯುತ್ತದೆ. ಹದಿನೆಂಟು ಗಂಟೆ ಕೂತು ಬಂದು ಕಾಲು ಊದಿಕೊಂಡಿರುವ, ಶೂ ಕೂಡ ಬಿಚ್ಚದ ಅಜ್ಜನಿಗೂ ಅದು ಬೇಕಿರುವುದಿಲ್ಲ. ಮನೆಗೆ ಬಂದು, ಕಾಲು ತೊಳೆದು, ಕಾಫಿ ಕುಡಿದು ಕೂತ ಮೇಲೆ ಅಪ್ಪ ಅಮ್ಮ ಮೊದಲು ನಮಸ್ಕರಿಸಲಿ. ಮಕ್ಕಳು ಕಲಿಯುವುದು ನೋಡಿ. ಎರಡು ದಿನ ಬಿಟ್ಟು ತಾವೇ ಬಂದು ಬಗ್ಗಿದರೆ ಹರಸುವವರು ಹೆಸರು ಹಿಡಿದು, ಆ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹರಸಬೇಕು. ಬರದಿದ್ದರೆ ಅಜ್ಜನೇ ಕೈ ಚಾಚಿ ತಲೆ ನೇವರಿಸಬಹುದು, ಅದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.